ಅಪರಿಚಿತ ಕೆಂಪು ಪದಾರ್ಥದ ಬಗ್ಗೆ ಒಂದು ಅರಿಕೆ

ಶ್ರೀ ಜಯಂತ್ ಅವರಿಗೆ,
ಮ್ಯಾನೇಜರ್, ರಿಟರ್ನ್ಸ್ ವಿಭಾಗ,
ಕೋಝಿವೋಲ್ಟ್ ಗೃಹೋಪಕರಣಗಳ ಮಳಿಗೆ, ರೆಂಟನ್.

ಮಾನ್ಯರೇ,

ಕಳೆದ ಮಂಗಳವಾರ ತಮ್ಮ ಕೌಂಟರಿನ ಮುಂದೆ ನಿಂತು ತಮ್ಮ ತಲೆ ತಿಂದ ಕಸ್ಟಮರ್ ಮಾಡುವ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ತಿಂದು ಉಳಿದಷ್ಟು ತಲೆಯಾದರೂ ಈ ಪತ್ರವನ್ನು ಓದಿ ಮುಗಿಸುವುದಕ್ಕೆ ಸಾಕಾಗಬಹುದು ಎಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ಇದನ್ನು ಕನ್ನಡದಲ್ಲಿ ಬರೆಯಲು ಕಾರಣವಿದೆ. ನಾನು ನನ್ನ ಮೈಸೂರು ಇಂಗ್ಲಿಷಿನಲ್ಲಿ ಅಂಗಲಾಚುತ್ತಿದ್ದಷ್ಟು ಹೊತ್ತೂ ತಾವು ‘ಮ್ಯಾಮ್, ಮ್ಯಾಮ್’ ಎನ್ನುತ್ತ ಪರದೇಶದ ಪಕ್ಷಿಯನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದಿರಿ. ಅಷ್ಟರಲ್ಲಿ ತಮಗೊಂದು ಫೋನ್ ಬಂತು. ತಾವು ನನಗೆ ಬೆನ್ನು ತಿರುಗಿಸಿ, “ಅಮ್ಮಾ, ಆಮೇಲೆ ಮಾಡ್ತೀನಿ ಇರು, ಇಲ್ಲೊಬ್ರು ಕಸ್ಟಮರ್ ತಲೆ ತಿಂತಿದಾರೆ” ಅಂದಿರಿ. ನನಗೆ ಸಿಟ್ಟು ಬರಬೇಕಿತ್ತು, ನಾಚಿಕೆಗೆಟ್ಟ ಕಿವಿ, ಅದಕ್ಕೆ ಖುಷಿಯಾಯಿತು. “ಅಯ್ಯೋ, ನೀವು ಕನ್ನಡದೋರಾ!” ಎಂದು ಕೌಂಟರಿನ ಮೇಲೆ ಕೈ ತಟ್ಟಿಯೇ ಬಿಟ್ಟೆ. ತಾವು ಈ ಕಡೆ ತಿರುಗಿ, ಮುಖದ ಒಂದು ಗೆರೆಯೂ ಅಲುಗದಂತೆ, “ಎನಿಥಿಂಗ್ ಎಲ್ಸ್, ಮ್ಯಾಮ್?” ಎಂದಿರಿ. ಆ ಆತ್ಮಸಂಯಮವನ್ನು ನಾನು ಸನ್ಯಾಸಿಗಳಲ್ಲಿಯೂ ಕಂಡಿಲ್ಲ. ಹೌದು ಸ್ವಾಮಿ, ‘ಎನಿಥಿಂಗ್ ಎಲ್ಸ್’ ಬೇಕಾದಷ್ಟಿದೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಮ್ಮ ಮಳಿಗೆಯಲ್ಲಿ ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ಸೇಲ್ ನಡೆಯುತ್ತಿದ್ದಾಗ ನಾನು ಕೊಂಡದ್ದು ಒಂದು ವೆಟ್ ಗ್ರೈಂಡರ್. ಶೋಕಿಗೆ ಕೊಂಡದ್ದಲ್ಲ. ಓವರ್‌ಲೇಕ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆಯ ಎದುರಿಗೇ ಹಾನಿಯಾ ಎಂಬ ಹುಡುಗಿ ಇದ್ದಾಳೆ, ಮೈಸೂರಿನ ಮಂಡಿ ಮೊಹಲ್ಲಾದವಳು, ಈಗ ತುಂಬಿದ ಬಸುರಿ. ಅವಳ ತಾಯಿಗೆ ವೀಸಾ ಸಂದರ್ಶನದ ದಿನ ಸಿಕ್ಕಿರುವುದು ಬರುವ ಜನವರಿಯಲ್ಲಿ, ಮಗು ಬರುವುದು ಈ ತಿಂಗಳ ಕೊನೆಯಲ್ಲಿ. ತಿಂದದ್ದು ಒಂದೂ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಗಂಡ ಅಹ್ಸಾನ್ ಪಾಪ ಊರಿನಲ್ಲಿರುವ ಹೋಟೆಲುಗಳನ್ನೆಲ್ಲ ಮನೆಗೆ ತಂದು ಸುರಿದ. ಒಂದು ಸಂಜೆ ಅವಳು ನಮ್ಮ ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು, “ಆಂಟಿ, ನಂಗೆ ಬೇರೇನೂ ಬೇಡ. ನಮ್ ಪಕ್ಕದ್ಮನೆಯವರು ಕಲ್ಲಲ್ಲಿ ರುಬ್ಬಿ ಮಾಡ್ತಿದ್ರಲ್ಲ, ಆ ಥರ ಇಡ್ಲಿ ಒಂದೇ ಒಂದು ಸಲ ಸಿಕ್ಕಿದ್ರೆ ಸಾಕು” ಎಂದಳು. ಬಸುರಿ ಬಾಯಿಬಿಟ್ಟು ಕೇಳಿದ ಮೇಲೆ ನಮ್ಮ ಕಡೆ ಏನು ಅರ್ಥ ಎಂದು ತಮಗೆ ಬಿಡಿಸಿ ಹೇಳಬೇಕಿಲ್ಲ. ಮಗು ಬರುವ ಮುಂಚೆ ಮಾಡಿ ತಿನ್ನಿಸುತ್ತೇನೆಂದು ಮಾತು ಕೊಟ್ಟೆ. ಆ ವಾರವೇ ನನ್ನ ಯಜಮಾನರಾದ ಶಿವಕುಮಾರ ಅವರನ್ನು ಎಬ್ಬಿಸಿಕೊಂಡು ರೆಂಟನ್ನಿಗೆ ಬಂದೆ.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಗ್ರೈಂಡರನ್ನು ತಂದ ಕೂಡಲೇ ಡಬ್ಬಿ ಬಿಚ್ಚಲಿಲ್ಲ. ಮನೆಗೆ ನೆಂಟರಿದ್ದರು, ಒಂದು ವಾರ ಹಾಗೇ ಹೋಯಿತು. ಅಷ್ಟರಲ್ಲಿ ಪಿತೃಪಕ್ಷ ಬಂತು. ಪಕ್ಷದಲ್ಲಿ ಹೊಸ ಕರ್ಚೀಫನ್ನೂ ಮಡಿಕೆ ಬಿಚ್ಚದ ಮನೆತನ ನಮ್ಮದು, ಹೊಸ ಯಂತ್ರವನ್ನು ಹೇಗೆ ಶುರು ಮಾಡಲಿ? ಪಕ್ಷ ಮುಗಿದರೆ ನವರಾತ್ರಿ. ಇಷ್ಟು ಕಾದವರು ಇನ್ನಷ್ಟು ಕಾದು ಆಯುಧಪೂಜೆಯ ದಿನವೇ ಶಾಸ್ತ್ರೋಕ್ತವಾಗಿ ಶುರು ಮಾಡೋಣ ಎಂದುಕೊಂಡೆ. ಹಾನಿಯಾಳಿಗೂ ಹಾಗೇ ಹೇಳಿದೆ. ಅವಳು ನಕ್ಕು, “ಆಯ್ತು ಆಂಟಿ, ನಿಮ್ ಮೆಷಿನ್‌ಗೂ ಮುಹೂರ್ತ ಬೇಕಲ್ವಾ” ಎಂದಳು. ನಾನು ಹೀಗೆ ಒಳ್ಳೆಯ ಗಳಿಗೆಗೆ ಕಾಯುತ್ತಿದ್ದಾಗ ತಮ್ಮ ಮಳಿಗೆಯ ಮೂವತ್ತು ದಿನಗಳ ರಿಟರ್ನ್ ಅವಧಿಯು, ಯಾವ ತಿಥಿ ವಾರವನ್ನೂ ನೋಡದೆ, ಸದ್ದಿಲ್ಲದೆ ತೀರಿಕೊಂಡಿತು.

ಆಯುಧಪೂಜೆಯ ದಿನ ಗ್ರೈಂಡರನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಆರತಿ ಎತ್ತಿ, ಕಾಯಿ ಒಡೆದು, ನೆನೆದ ಉದ್ದನ್ನು ಹಾಕಿ, ದೇವರನ್ನು ನೆನೆದು ಸ್ವಿಚ್ ಒತ್ತಿದೆ. ಅದು ಒಂದು ಸಲ ಗೊರ್ ಎಂದಿತು. ಕಲ್ಲು ಅರ್ಧ ಸುತ್ತು ತಿರುಗಿತು. ಆಮೇಲೆ ಬುಡದಿಂದ ಕಪ್ಪು ಹೊಗೆ ಎದ್ದು ಇಡೀ ಅಡುಗೆಮನೆ ತುಂಬಿತು. ನಮ್ಮ ಮನೆಯ ಹೊಗೆ ಗಂಟೆ ಹೊಡೆದುಕೊಂಡಿತು, ಅದನ್ನು ಕೇಳಿ ಕಟ್ಟಡದ ಗಂಟೆಯೂ ಹೊಡೆದುಕೊಂಡಿತು, ಲಿಫ್ಟು ನಿಂತಿತು. ನಿಯಮದ ಪ್ರಕಾರ ಎಲ್ಲರೂ ಮೆಟ್ಟಿಲಿಳಿದು ಹೊರಗೆ ಹೋಗಬೇಕು. ತುಂಬಿದ ಹೊಟ್ಟೆಯ ಹಾನಿಯಾ ನಾಲ್ಕನೆಯ ಮಹಡಿಯಿಂದ ಒಂದೊಂದೇ ಮೆಟ್ಟಿಲು ಕಂಬಿ ಹಿಡಿದು ಇಳಿದಳು. ಅವಳ ಬೆನ್ನಿಗೆ ಕೈ ಕೊಟ್ಟು, ಮೆಟ್ಟಿಲಿಗೊಬ್ಬ ದೇವರಿಗೆ ಹರಕೆ ಹೊರುತ್ತ ನಾನೂ ಇಳಿದೆ.

ಅಗ್ನಿಶಾಮಕದವರು ಬಂದರು. ಎತ್ತರದ ಆಳುಗಳು, ಬೆನ್ನ ಮೇಲೆ ಸಿಲಿಂಡರು, ಕೈಯಲ್ಲಿ ಕೊಡಲಿ. ಒಳಗೆ ಹೋಗಿ ನೋಡಿದರೆ ಒಂದು ಗುಂಡಗಿನ ಯಂತ್ರ, ಅದಕ್ಕೆ ಹೂವಿನ ಮಾಲೆ, ಮುಂದೆ ದೀಪ, ಪಕ್ಕದಲ್ಲಿ ಒಡೆದ ತೆಂಗಿನಕಾಯಿ. ಅವರಲ್ಲೊಬ್ಬರು ಹೆಲ್ಮೆಟ್ ತೆಗೆದು ಎದೆಗೊತ್ತಿಕೊಂಡು, ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಹೌದಪ್ಪ, ಈಗ ತಾನೇ ಹೋಯಿತು, ಇನ್ನೂ ಬಿಸಿಯಾಗಿದೆ ಎಂದು ಗ್ರೈಂಡರನ್ನು ತೋರಿಸಿದೆ. ಆ ಪುಣ್ಯಾತ್ಮರು ತೋರಿಸಿದ ದುಃಖದಲ್ಲಿ ಕಾಲು ಭಾಗವನ್ನು ತಮ್ಮ ಮಳಿಗೆ ತೋರಿಸಿದ್ದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಸುಟ್ಟ ಗ್ರೈಂಡರನ್ನು ತಮ್ಮ ಕೌಂಟರಿಗೆ ಹೊತ್ತು ತಂದಾಗ ತಾವು ಕೊಟ್ಟ ತಪಾಸಣಾ ವರದಿಯ ವಿಷಯಕ್ಕೆ ಬರುತ್ತೇನೆ. ‘ಯಂತ್ರದ ಮೈಮೇಲೆ ಅಪರಿಚಿತ ಕೆಂಪು ಪದಾರ್ಥ ಮತ್ತು ಹಳದಿ ಪುಡಿ ಕಂಡುಬಂದಿದೆ, ಗಾಳಿಕಿಂಡಿಯ ಬಳಿ ಸಸ್ಯದ ಅವಶೇಷ ಸಿಕ್ಕಿದೆ, ಆದ್ದರಿಂದ ಇದು ಗ್ರಾಹಕರ ದುರ್ಬಳಕೆ’ ಎಂದು ಬರೆದು ಕೆಳಗೆ ತಾವೇ ಸಹಿ ಹಾಕಿದ್ದೀರಿ. ಅಮ್ಮನ ಹತ್ತಿರ ಅಷ್ಟು ಚೆನ್ನಾಗಿ ಕನ್ನಡ ಮಾತಾಡುವ ಜಯಂತ್ ಅವರೇ, ಕುಂಕುಮ ತಮಗೆ ಅಪರಿಚಿತವೇ? ಮೋಟಾರು ಸುಟ್ಟಿರುವುದು ಹೊಟ್ಟೆಯೊಳಗೆ, ಬೊಟ್ಟಿಟ್ಟಿರುವುದು ಹಣೆಯ ಮೇಲೆ. ಹಣೆಯ ಬೊಟ್ಟಿನಿಂದ ಹೊಟ್ಟೆ ಸುಡುವುದಾದರೆ ನಮ್ಮ ಕಡೆಯ ಹೆಂಗಸರು ಒಬ್ಬರೂ ಇಲ್ಲಿಯವರೆಗೆ ಉಳಿಯುತ್ತಿರಲಿಲ್ಲ. ಇಷ್ಟರ ಮೇಲೆ ತಾವು, ಸುಟ್ಟು ಹೋದ ಆ ಯಂತ್ರಕ್ಕೇ ಎರಡು ವರ್ಷದ ಹೆಚ್ಚುವರಿ ವಾರಂಟಿ ಬೇಕೇ ಎಂದು ಕೇಳಿದಿರಿ. ತಮ್ಮ ವ್ಯಾಪಾರಬುದ್ಧಿಗೆ ಅಡ್ಡಬೀಳಬೇಕು. ಹೆಣಕ್ಕೆ ವಿಮೆ ಮಾರುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ನಮ್ಮ ಯಜಮಾನರು ಸಾಧು. “ಬಿಡು ಜಾನಕಿ, ಎಲ್ಲಿ ಅವರ ಜೊತೆ ಗುದ್ದಾಡ್ತೀಯಾ, ಬೇರೆ ತಗೊಂಡ್ರಾಯ್ತು” ಎಂದರು. ಬಿಡುವುದೇ? ಅವರನ್ನು ಆ ಕಡೆ ಕೂರಿಸಿ ನಾನೇ ಓದಿಕೊಂಡೆ. ತಮ್ಮ ಮೂವತ್ತು ದಿನ ಇರುವುದು ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎನ್ನುವವರಿಗೆ. ಅದು ತಾವು ಮಾಡುವ ಉಪಕಾರ. ಕೆಟ್ಟ ಮಾಲಿನ ಕಥೆ ಬೇರೆ. ಅಂಗಡಿಯವರು ಮಾರಿದ ವಸ್ತು ಯಾವ ಕೆಲಸಕ್ಕೆಂದು ಮಾರಿದರೋ ಆ ಕೆಲಸವನ್ನು ಮಾಡಲೇಬೇಕು ಎಂಬ ಭರವಸೆ, ಯಾರೂ ಬರೆದು ಕೊಡದಿದ್ದರೂ, ಈ ರಾಜ್ಯದ ಕಾನೂನಿನಲ್ಲೇ ಇದೆ. ಗ್ರೈಂಡರ್ ಎಂದು ಮಾರಿದ ಮೇಲೆ ಅದು ರುಬ್ಬಬೇಕು. ಹೊಗೆ ಹಾಕುವುದೇ ಅದರ ಕೆಲಸವಾಗಿದ್ದರೆ ಸೊಳ್ಳೆ ಓಡಿಸುವ ಸಾಮಾನುಗಳ ಪಕ್ಕದಲ್ಲಿ ಇಡಬೇಕಿತ್ತು. ತಯಾರಕರ ಒಂದು ವರ್ಷದ ವಾರಂಟಿ ಬೇರೆ ಡಬ್ಬಿಯ ಮೇಲೇ ಅಚ್ಚಾಗಿದೆ. ಇದನ್ನೆಲ್ಲ ನಾನು ಕೌಂಟರಿನಲ್ಲಿ ಹೇಳಿದಾಗ ತಾವು, ಅರ್ಜಿಯನ್ನು ಕಂಪನಿಗೆ ಕಳಿಸುತ್ತೇವೆ, ಆರರಿಂದ ಎಂಟು ವಾರ ಕಾಯಿರಿ ಎಂದಿರಿ. ಕಾಯಲು ನಾನು ಸಿದ್ಧ. ಕಾಯಲು ಒಪ್ಪದಿರುವುದು ಹಾನಿಯಾಳ ಮಗು. ಆದ್ದರಿಂದ ತಾವೇ ಅದಕ್ಕೆ ಒಂದು ಇಮೇಲ್ ಬರೆದು, ನನ್ನ ದೂರಿನ ಟಿಕೆಟ್ ಇತ್ಯರ್ಥವಾಗುವವರೆಗೆ ದಯವಿಟ್ಟು ಒಳಗೇ ಇರಬೇಕೆಂದು ಕೋರಿಕೊಂಡರೆ ಎಲ್ಲರಿಗೂ ಅನುಕೂಲ.

ಸುಮ್ಮನಂತೂ ಕೂರಲಿಲ್ಲ. ಮಿಕ್ಸಿಯಲ್ಲಿ ಐಸ್ ತುಂಡು ಹಾಕಿ ಹಾಕಿ ರುಬ್ಬಿದೆ. ಹಿಟ್ಟು ಬಿಸಿಯಾಯಿತು, ಈ ಊರಿನ ಚಳಿಯಲ್ಲಿ ಹುದುಗಲೂ ಇಲ್ಲ. ಆ ಇಡ್ಲಿಯನ್ನು ಗೋಡೆಗೆ ಎಸೆದಿದ್ದರೆ ರಿಪೇರಿ ಖರ್ಚು ಗೋಡೆಗೆ ಆಗುತ್ತಿತ್ತು. ಆದರೂ ಮಾತು ಕೊಟ್ಟಿದ್ದೆನಲ್ಲ, ಚಟ್ನಿಯ ಜೊತೆ ಎದುರು ಮನೆಗೆ ಒಯ್ದೆ. ಹಾನಿಯಾ ಎರಡು ಇಡ್ಲಿ ತಿಂದಳು. “ಸೂಪರಾಗಿದೆ ಆಂಟಿ, ಥೇಟ್ ನಮ್ಮೂರಿಂದೇ” ಎಂದಳು. ಆಮೇಲೆ ನೀರು ಕುಡಿಯುವ ನೆವದಲ್ಲಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅಮ್ಮ ಹತ್ತಿರವಿಲ್ಲದ ಹುಡುಗಿ ನನ್ನ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದಳಲ್ಲ, ಆಗ ನನ್ನ ಹೊಟ್ಟೆಯಲ್ಲಿ ಬಿದ್ದ ಬೆಂಕಿಗೆ ಯಾವ ಹೊಗೆ ಗಂಟೆಯೂ ಹೊಡೆದುಕೊಳ್ಳಲಿಲ್ಲ. ಜಯಂತ್ ಅವರೇ, ನನಗೆ ತಮ್ಮ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಆಗ, ಸೀದು ಹೋದ ಮೋಟಾರಿಗಾಗಿ ಅಲ್ಲ.

ಮರುದಿನವೇ ಇನ್ನೊಮ್ಮೆ ಬಂದೆ. ತಾವು ಇನ್ನೊಮ್ಮೆ ಇಲ್ಲವೆಂದಿರಿ. ಸತ್ತ ಗ್ರೈಂಡರನ್ನು ಟ್ರಾಲಿಯಲ್ಲಿಟ್ಟು ತಳ್ಳಿಕೊಂಡು ವಾಪಸು ಹೋಗುವಾಗ ಪಾರ್ಕಿಂಗ್ ಲಾಟಿನಲ್ಲಿ ಅದು ಒಂದು ಬಿಳಿ ಕಾರಿಗೆ ಕೊಂಚ ತಗುಲಿತು. ಕಾರು ಕಿರುಚಿಕೊಂಡಿತು. ಕೀ ಹಿಡಿದುಕೊಂಡು ಓಡಿ ಬಂದವರು ತಾವು. ತಾವು ಗೀರು ಹುಡುಕುತ್ತಿದ್ದಾಗ ನಾನೂ ತಮ್ಮ ಕಾರನ್ನು ಕಣ್ತುಂಬ ನೋಡಿದೆ. ಬಾನೆಟ್ಟಿನ ಮೇಲೆ ಅದೇ ಅಪರಿಚಿತ ಕೆಂಪು ಪದಾರ್ಥ. ಅದೇ ಹಳದಿ ಪುಡಿ. ಮುಂದಿನ ಜಾಲರಿಯಲ್ಲಿ ಸಸ್ಯದ ಅವಶೇಷ, ಚೆಂಡು ಹೂವಿನದು. ಚಕ್ರದ ಸಂದಿಯಲ್ಲಿ ಒಣಗಿ ಹೋದ ಅರ್ಧ ನಿಂಬೆಹಣ್ಣು. ನನಗೆ ತಕ್ಷಣ ಹೊಳೆದದ್ದು ತಮ್ಮ ಬಗೆಗಿನ ಕಾಳಜಿ. ಈ ದುರ್ಬಳಕೆ ಕಾರಿನ ಕಂಪನಿಗೆ ಗೊತ್ತಾದರೆ ತಮ್ಮ ವಾರಂಟಿಯ ಗತಿಯೇನು ಸ್ವಾಮಿ? ಒಂದು ಫೋಟೊ ತೆಗೆದಿಟ್ಟಿದ್ದೇನೆ, ಚೆನ್ನಾಗಿ ಬಂದಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಹೀಗಿದೆ. ಆ ವರದಿಯಿಂದ ‘ಅಪರಿಚಿತ’ ಎಂಬ ಮಾತನ್ನು ತೆಗೆದು ‘ಕುಂಕುಮ’ ಎಂದು ಬರೆದು, ಹಾಳಾದ ಗ್ರೈಂಡರಿನ ಬದಲಿಗೆ ತಿರುಗುವ ಗ್ರೈಂಡರೊಂದನ್ನು ಈ ಶನಿವಾರದೊಳಗೆ ಕೊಡಿಸಬೇಕು. ಇಲ್ಲವಾದರೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕರ ವಿಭಾಗಕ್ಕೆ ದೂರು ಕೊಡುತ್ತೇನೆ. ಅವರ ಭಾಷೆಯಲ್ಲಿಯೂ ತಲೆ ತಿನ್ನಲು ನನಗೆ ಬರುತ್ತದೆ. ಮುಂದಿನ ವರ್ಷದಿಂದ ತಮ್ಮ ರಿಟರ್ನ್ ಅವಧಿಯಲ್ಲಿ ಪಿತೃಪಕ್ಷ, ಅಮಾವಾಸ್ಯೆ ಹಾಗೂ ರಾಹುಕಾಲಗಳನ್ನು ಕಳೆದು ಲೆಕ್ಕ ಹಾಕಬೇಕೆಂದೂ, ಅದು ಆಗದಿದ್ದರೆ ಪ್ರತಿ ಡಬ್ಬಿಯೊಳಗೆ ‘ಪೂಜೆಗೆ ಮುಂಚೆ ಒಮ್ಮೆ ತಿರುಗಿಸಿ ನೋಡಿ’ ಎಂಬ ಚೀಟಿಯೊಂದನ್ನಾದರೂ ಇಡಬೇಕೆಂದೂ ಕೋರುತ್ತೇನೆ. ಕೊನೆಯದನ್ನು ನಾನು ತಮಾಷೆಗೆ ಹೇಳುತ್ತಿಲ್ಲ, ಆ ಬುದ್ಧಿ ನನಗೆ ಮೊದಲೇ ಇದ್ದಿದ್ದರೆ ಹಾನಿಯಾ ಎಂದೋ ಇಡ್ಲಿ ತಿಂದಿರುತ್ತಿದ್ದಳು.

ಇಷ್ಟು ಹೊತ್ತು ತಲೆ ಕೊಟ್ಟಿದ್ದಕ್ಕೆ ಕೃತಜ್ಞತೆಗಳೊಂದಿಗೆ,

ಎನಿಥಿಂಗ್ ಎಲ್ಸ್ ಇಲ್ಲದ ತಮ್ಮ ವಿಶ್ವಾಸಿ,
ಜಾನಕಿ ಶಿವಕುಮಾರ

ತಾ.ಕ.: ಇದು ಬಹಿರಂಗ ಪತ್ರವಾದ್ದರಿಂದ ತಮಗೆ ಕಳಿಸುವ ಮುಂಚೆ, ಇಲ್ಲಿಯವರೆಗಿನದನ್ನು ನಮ್ಮ ಕನ್ನಡ ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ, ಕಾರಿನ ಫೋಟೊ ಸಮೇತ. ಡುವಾಲ್ ಊರಿನಲ್ಲಿ ಮಗನ ಜೊತೆ ಇರುವ ಹಿರಿಯರೊಬ್ಬರು ಕಾರಿನ ಗುರುತು ಹಿಡಿದು, “ಅದು ನಮ್ ಕಾರು. ಬೊಟ್ಟಿಟ್ಟಿದ್ದು ನಾನೇ” ಎಂದು ಬರೆದರು. ಆಮೇಲೆ ಅವರೇ, “ಬಸುರಿ ಹುಡುಗಿಗೆ ಇಡ್ಲಿ ತಪ್ಪಿಸಿದ್ನಾ ಅವ್ನು? ಇವತ್ತು ಮನೆಗೆ ಬರ್ಲಿ. ಶನಿವಾರ ಬೆಳಿಗ್ಗೆ ನಮ್ಮನೆ ಗ್ರೈಂಡರ್‌ನ ಅವನ ಕೈಲೇ ಹೊರಿಸಿ ಕಳಿಸ್ತೀನಿ, ನೀವು ಉದ್ದು ನೆನೆಹಾಕಿ” ಎಂದರು. ಉದ್ದು ಅಳೆದಿಟ್ಟಿದ್ದೇನೆ, ಹಾನಿಯಾಳಿಗೂ ಹೇಳಿದ್ದೇನೆ. ಇದು ತಮ್ಮ ತಾಯಿಯವರ ಉಪಕಾರ, ತಮ್ಮ ಅಂಗಡಿಯ ಬಾಕಿ ಹಾಗೇ ಇದೆ. ಗಂಟೆ ಹೊಡೆದ ದಿನದಿಂದ ನಮ್ಮ ಕಟ್ಟಡದ ಲಿಫ್ಟು ಕೆಟ್ಟಿದೆ, ನಾಲ್ಕನೆಯ ಮಹಡಿ, ಕಂಬಿ ಹಿಡಿದು ನಿಧಾನವಾಗಿ ಹತ್ತಿ ಬನ್ನಿ. ತಾಯಿಯವರು ಆ ಗ್ರೈಂಡರಿನ ಹಣೆಗೂ ಅಪರಿಚಿತ ಕೆಂಪು ಪದಾರ್ಥ ಹಚ್ಚಿದ್ದಾರಂತೆ, ದಾರಿಯಲ್ಲಿ ಒರೆಸಬೇಡಿ.