ಕಂಬದ ಮೇಲಿನ ಕೊಂಬುಗಳು

ಸರಾಸರಿ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ಬಹಳ ದಿನದಿಂದ ಹುಡುಕುತ್ತಿದ್ದೇನೆ. ಒಮ್ಮೆ ಸಿಕ್ಕರೆ ಅವನ ದನಿಯನ್ನೂ ಕಲಿತುಬಿಡಬಹುದಲ್ಲ ಎಂಬ ಆಸೆ. ಬೇರೆಯವರ ದನಿ ಎತ್ತಿಕೊಳ್ಳುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಶಿಗ್ಗಾವಿ ಬಸ್ ಸ್ಟ್ಯಾಂಡಿನಲ್ಲಿ ಊರಿನ ಹೆಸರುಗಳನ್ನು ಮೂಗಿನಿಂದ ಉದುರಿಸುವ ಮೈಕು, ಚಹಾ ಕುದಿಯುವ ಹೊತ್ತಿಗೇ ಸರಿಯಾಗಿ ಬಂದು ಕೆಮ್ಮುವ ಪಕ್ಕದ ಮನೆಯ ಅಜ್ಜ, ಬಂಕಾಪುರ ಕೋಟೆಯ ನವಿಲು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದಾರೆ. ಅಪ್ಪ ಬೈಯಲು ಬಾಯಿ ತೆಗೆಯುವ ಮೊದಲೇ ಅಪ್ಪನ ದನಿಯಲ್ಲಿ ನಾನೇ ನನ್ನನ್ನು ಬೈದುಕೊಂಡು, ಅವರಿಗೆ ಹೇಳಲು ಏನೂ ಉಳಿಯದಂತೆ ಮಾಡಿದ್ದೂ ಉಂಟು. ಸರಾಸರಿ ಮನುಷ್ಯ ಮಾತ್ರ ಕೈಗೆ ಸಿಕ್ಕಿಲ್ಲ. ಕಾಗದದ ಮೇಲೆಲ್ಲ ಅವನದೇ ಕಾರಭಾರ. ಬೀದಿಗೆ ಬಂದರೆ ಸುಳಿವಿಲ್ಲ.

ಇಂಥವನು ಮನೋವಿಜ್ಞಾನದಲ್ಲಿ ಎಂ.ಎ. ಮಾಡಹೊರಟರೆ ಪ್ರಾಜೆಕ್ಟು ಎಂಥದಿರುತ್ತದೆ ಹೇಳಿ. “ಊಟ ಆತೇನು?” ಎಂಬ ಒಂದೇ ಮಾತನ್ನು ಹತ್ತು ಬಗೆಯಾಗಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಸಿಟ್ಟು, ಸಂತೋಷ, ದುಃಖ, ಭಯ, ಈ ನಾಲ್ಕರಲ್ಲಿ ಯಾವುದು ಎಂದು ಕೇಳಿದವರು ಗುರುತಿಸಬೇಕು. ಸರಿ ಹೇಳಿದರೆ ಒಂದು ಅಂಕ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಊರಿನವರಲ್ಲಿ ದನಿಯಿಂದ ಮನಸ್ಸು ಹಿಡಿಯುವುದರಲ್ಲಿ ಏನಾದರೂ ಹೆಚ್ಚುಕಮ್ಮಿ ಇದೆಯೇ ಎಂಬುದು ನನ್ನ ಪ್ರಶ್ನೆ. ಇದರಿಂದ ಲೋಕಕ್ಕೆ ಏನು ಉಪಯೋಗ ಎಂದು ನೀವು ಕೇಳಬೇಡಿ. ಅಪ್ಪ ಆಗಲೇ ಕೇಳಿದ್ದಾರೆ.

ಊರುಗಳನ್ನು ಆರಿಸಿದ್ದರ ಹಿಂದೆ ವಿಜ್ಞಾನಕ್ಕಿಂತ ನೆಂಟಸ್ತನವೇ ಹೆಚ್ಚು. ನಮ್ಮ ಮನೆ ಶಿಗ್ಗಾವಿಯಲ್ಲಿ. ಅವ್ವನ ತವರು ಸವಣೂರು. ಅಣ್ಣನ ಹೆಂಡತಿ, ಅಂದರೆ ನಮ್ಮ ಶೋಭಾ ವೈನಿ, ಹಾನಗಲ್ಲದವರು. ಹಿರೇಕೆರೂರಿನಲ್ಲಿ ನನ್ನ ಗೆಳೆಯನಿದ್ದಾನೆ. ಹಾನಗಲ್ಲದ ಪೂರ್ತಿ ಉಸ್ತುವಾರಿ ವೈನಿಯೇ ವಹಿಸಿಕೊಂಡಿದ್ದರು. ತಾವೇ ಬಸ್ಸು ಹತ್ತಿ ನನ್ನ ಜೊತೆ ಬಂದು, ಓಣಿಯವರನ್ನೆಲ್ಲ ತವರಿನ ಪಡಸಾಲೆಯಲ್ಲಿ ಕೂಡಿಸಿ, ಚುರುಮುರಿ ಕಲಸಿ ಕೊಟ್ಟು, “ನಮ್ಮ ಮೈದುನ ದೊಡ್ಡ ಸಂಶೋಧನಾ ಮಾಡಾಕತ್ತಾನ, ನಿಮ್ಮ ಊರಿನ ಹೆಸರು ಬರ್ತೈತಿ, ನಿಶ್ಚೇಕ ಬಂದಾಗ ತಂದು ತೋರಸ್ತೇನಿ” ಎಂದು ಮಾತು ಕೊಟ್ಟರು. ಅವರ ತಂಗಿಯ ನಿಶ್ಚಯ ಮುಂದಿನ ವಾರವೇ ಇತ್ತು.

ಅಲ್ಲಿ ವೈನಿಯ ಚಿಗವ್ವ ಹತ್ತಕ್ಕೆ ಹತ್ತನ್ನೂ ಸರಿಯಾಗಿ ಹೇಳಿದರು. ವೈನಿಯ ಅಪ್ಪನ ಕತೆ ಬೇರೆ. ಮೊದಲನೆಯ ದನಿಯನ್ನು ಕಣ್ಣು ಮುಚ್ಚಿ ಕೇಳಿ, “ಇವಗ ಹಸಿವಾಗೇತಿ” ಎಂದರು. “ಹಸಿವು ಇದರಾಗ ಇಲ್ರಿ, ನಾಲ್ಕರಾಗ ಒಂದು ಹೇಳ್ರಿ” ಎಂದೆ. ಎರಡನೆಯದಕ್ಕೆ, “ಇನ್ನೂ ಜಾಸ್ತಿ ಹಸಿವಾಗೇತಿ” ಎಂದರು. ಕೊನೆಯವರೆಗೂ ಆ ಮನುಷ್ಯ ಹಸಿವಿನಿಂದ ಕದಲಲಿಲ್ಲ. ನಿಯಮದ ಪ್ರಕಾರ ಸೊನ್ನೆ ಹಾಕಿದೆ. ಹಿರೇಕೆರೂರಿನಲ್ಲಿ ಇದಕ್ಕೆ ಉಲ್ಟಾ. ಗದ್ದಲ ಇರಲಾರದೆಂದು ಬಂಕಾಪುರದ ಕೋಟೆಯಲ್ಲಿ ಮಾಡಿದ ರೆಕಾರ್ಡಿಂಗಿನಲ್ಲಿ ಒಂದು ಕಡೆ ನವಿಲು ಕೂಗಿಬಿಟ್ಟಿತ್ತು. ಹಿರೇಕೆರೂರಿನವರೆಲ್ಲ ಆ ಕೂಗಿಗೆ ಬೆಚ್ಚಿ “ಭಯ” ಎಂದರು. ಉತ್ತರ ಸರಿ. ಅಂಕ ನನ್ನ ನಟನೆಗೆ ಸೇರಬೇಕೋ ನವಿಲಿಗೆ ಸೇರಬೇಕೋ ಎಂದು ಈಗಲೂ ಯೋಚಿಸುತ್ತಿದ್ದೇನೆ.

ಇಷ್ಟಾದ ಮೇಲೆ ಬಾರ್ ಗ್ರಾಫು. ಊರಿಗೊಂದು ಕಂಬ, ಕಂಬದ ಎತ್ತರ ಆ ಊರಿನ ಸರಾಸರಿ. ಪ್ರತಿ ಕಂಬದ ತಲೆಯ ಮೇಲೆ ಮೇಲಕ್ಕೂ ಕೆಳಕ್ಕೂ ಚಾಚಿದ ಒಂದು ಸಣ್ಣ ಗೆರೆ. ಅದಕ್ಕೆ ಎರರ್ ಬಾರ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಎಲ್ಲವನ್ನೂ ಶಾಸ್ತ್ರೋಕ್ತವಾಗಿಯೇ ಮಾಡಿದ್ದೆ. ಕಾಲೇಜಿನ ಸೆಮಿನಾರಿಗೆ ದೊಡ್ಡದಾಗಿ ಬೇಕಲ್ಲ ಎಂದು ಫ್ಲೆಕ್ಸ್ ಅಂಗಡಿಯ ಬಸಣ್ಣನ ಹತ್ತಿರ ಒಯ್ದೆ. ನಮ್ಮ ಕಡೆ ಹುಟ್ಟುಹಬ್ಬವಿರಲಿ, ಎಮ್ಮೆ ಬಹುಮಾನ ಗೆದ್ದಿರಲಿ, ಫ್ಲೆಕ್ಸ್ ಆಗದೆ ಯಾವ ಸುದ್ದಿಯೂ ಪೂರ್ತಿಯಾಗುವುದಿಲ್ಲ. ಬಸಣ್ಣ ನನ್ನ ಗ್ರಾಫನ್ನು ತಲೆ ಓರೆ ಮಾಡಿ ನೋಡಿದ.

“ಎಲ್ಲಾ ಒಂದ ಎತ್ತರ ಕಾಣ್ತಾವಲ್ಲೋ ಗುರು. ಕೆಳಗಿನ ಅರ್ಧ ಸುಮ್ನ ದಂಡ. ಮಂದಿ ನೋಡೂದು ತುದೀನ. ಕೆಳಗ ಕತ್ತರಿಸಿ ತುದಿ ದೊಡ್ಡದು ಮಾಡ್ತೇನಿ.”

“ಮಾಡಪಾ.”

“ಮತ್ತ ಇವೇನು, ಕಂಬದ ಮ್ಯಾಲ ಕೊಂಬು? ಕಾಗಿ ಕುಂತಂಗ ಕಾಣ್ತಾವ. ತಗದಬಿಡ್ಲೇನು?”

ಅಷ್ಟರಲ್ಲಿ ಅವನು ನಾಲ್ಕು ಕಂಬಗಳಿಗೂ ಚಿನ್ನದ ಬಣ್ಣ ಬಳಿದು, ಸುತ್ತಲೂ ಚೆಂಡುಹೂವಿನ ಮಾಲೆ ಹಾಕಿ, ಮೂಲೆಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ನನ್ನ ಫೋಟೋ ಕೂಡಿಸಿದ್ದ. ಫೋಟೋ ನೋಡಿದ ಸಂಭ್ರಮದಲ್ಲಿ ಕೊಂಬಿನ ವಿಚಾರಕ್ಕೆ ನಾನು “ತಗಿ ತಗಿ” ಎಂದುಬಿಟ್ಟೆ. ವಿಜ್ಞಾನದ ಚರಿತ್ರೆಯಲ್ಲಿ ಎಷ್ಟು ಕೊಂಬುಗಳು ಹೀಗೆ ಫೋಟೋದ ಗುಂಗಿನಲ್ಲಿ ಉದುರಿವೆಯೋ ಯಾರಿಗೆ ಗೊತ್ತು.

ಫ್ಲೆಕ್ಸನ್ನು ತಂದು ಪಡಸಾಲೆಯ ಗೋಡೆಗೆ ಹಚ್ಚಿದೆ. ಅವ್ವ ನೋಡಿದಳು. ಸವಣೂರಿನ ಕಂಬ ಹೂಮಾಲೆಯನ್ನು ಮುಟ್ಟುತ್ತಿತ್ತು. ಹಾನಗಲ್ಲದ್ದು ನೆಲದಲ್ಲಿ ಹೆಬ್ಬೆರಳಿನಷ್ಟು ಎದ್ದಿತ್ತು.

“ನಮ್ಮ ಸವಣೂರ ಮಂದಿ ಅಂದ್ರ ಹಂಗ” ಎಂದಳು ಅವ್ವ, ಎಲೆಗೆ ಸುಣ್ಣ ಹಚ್ಚುತ್ತ. “ನಮ್ಮೂರ ಎಲಿ ತಿಂದ ನಾಲಿಗಿ, ಮಾತು ತಿಳೀತೈತಿ. ಕೆಲವು ಊರಾಗ ಎದುರಿಗೆ ನಿಂತು ಒದರಿದರೂ ತಿಳ್ಯೂದಿಲ್ಲ.”

ವೈನಿ ಬಾಗಿಲಲ್ಲಿ ನಿಂತು ಆ ಹೆಬ್ಬೆರಳನ್ನೇ ನೋಡುತ್ತಿದ್ದರು. “ಗುರು, ಇದನ್ನ ಒಯ್ದು ನಿಶ್ಚೇದಾಗ ತೋರಸ್ಲೇನು? ನಮ್ಮ ಓಣಿ ಮಂದಿ ಕೆಲಸ ಬಿಟ್ಟು ಬಂದು ಕುಂತಿದ್ರು. ಅವರು ದಡ್ಡರು ಅಂತ ಬರಸಾಕ ನಾನ ಕರಕೊಂಡು ಹೋದಂಗಾತು ನಿನ್ನ” ಎಂದು ಒಳಗೆ ಹೋದರು. ಅಂದಿನಿಂದ ನನ್ನ ತಾಟಿನಲ್ಲಿ ರೊಟ್ಟಿ ಬೀಳುವ ಸದ್ದು ಬದಲಾಯಿತು. ಸದ್ದುಗಳಲ್ಲಿ ನಾನು ಪರಿಣತ. ಅದು ಒಳ್ಳೆಯ ಸದ್ದಲ್ಲ.

ಮರುದಿನ ಫ್ಲೆಕ್ಸಿನ ಫೋಟೋ ತೆಗೆದುಕೊಂಡು ಹೋಗಿ ನಮ್ಮ ಗೈಡ್ ಮೇಡಂಗೆ ತೋರಿಸಿದೆ. ಮೇಡಂ ಸಿಟ್ಟಿಗೇಳುವುದಿಲ್ಲ, ಕನ್ನಡಕವನ್ನು ಹಣೆಗೆ ಏರಿಸುತ್ತಾರೆ, ಅಷ್ಟೆ. (ಇದನ್ನು ನಾನು ಬಹಳ ಚೆನ್ನಾಗಿ ಮಾಡುತ್ತೇನೆ. ಅವರೂ ಒಮ್ಮೆ ನೋಡಿದ್ದಾರೆ.)

“ಹಾನಗಲ್ಲದಾಗ ಯಾರಿಗೂ ಕಿವಿ ಇಲ್ಲೇನು ಗುರು? ಕಂಬ ಸೊನ್ನೆಯಿಂದ ಶುರು ಆಗಬೇಕು. ಕೂದಲೆಳೆ ಫರಕನ್ನ ಗುಡ್ಡಾ ಮಾಡೀಯಲ್ಲ. ಎರರ್ ಬಾರ್ ಎಲ್ಲಿ?”

“ಚಂದ ಕಾಣ್ತಿರಲಿಲ್ಲ ಅಂತ ತಗದ್ವಿರಿ, ಮೇಡಂ” ಎಂದು ಫೋನಿನಲ್ಲಿದ್ದ ಮೊದಲಿನ ಗ್ರಾಫನ್ನು ತೆರೆದು ತೋರಿಸಿದೆ.

“ಅದು ನಾವು ತಪ್ಪು ಮಾಡೇವಿ ಅಂತ ಹೇಳೂ ಗೆರಿ ಅಲ್ಲೋ. ನಮಗ ಎಷ್ಟು ಖಾತ್ರಿ ಇಲ್ಲ ಅಂತ ಹೇಳೂ ಗೆರಿ. ಖರೇ ಸರಾಸರಿ ಈ ಗೆರಿಯ ಆಸುಪಾಸು ಎಲ್ಲೋ ಇರಬಹುದು ಅಂತ. ನಾಲ್ಕೂ ಊರಿನ ಗೆರಿ ಒಂದರ ಎತ್ತರದೊಳಗ ಒಂದು ಇಷ್ಟು ಹಾಯ್ದು ಕುಂತಾವ. ಎಲ್ಲಾರೂ ಸಮ ಅಂತ ಇದರ ಅರ್ಥ ಅಲ್ಲ. ಆದ್ರ ಇವರು ಗೆದ್ರು, ಅವರು ಸೋತ್ರು ಅಂತ ಹೇಳಾಕ ನಿನಗ ಬಾಯಿಲ್ಲ. ಮತ್ತ ಕಂಬದಾಗ ಮಂದಿ ಮುಚ್ಚಿಹೋಗ್ಯಾರ. ಒಬ್ಬೊಬ್ಬರಿಗೂ ಒಂದೊಂದು ಚುಕ್ಕಿ ಇಡು.”

ಬಸ್ಸಿನಲ್ಲಿ ಬರುವಾಗ ಈ ಗೆರೆಯ ಮೇಲೆ ನನಗೆ ವಿಪರೀತ ಪ್ರೀತಿ ಹುಟ್ಟಿತು. ಮನುಷ್ಯರ ಮಾತಿಗೂ ಒಂದೊಂದು ಕೊಂಬು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಅಣ್ಣ ಫೋನಿನಲ್ಲಿ “ಐದು ನಿಮಿಷದಾಗ ಬಂದೆ” ಎಂದರೆ, ಆ ಐದರ ಮೇಲಿನ ಕೊಂಬು ನಮ್ಮ ಮನೆಯಿಂದ ಹೊರಟು, ಊರು ದಾಟಿ, ಹುಲಗೂರು ಮುಟ್ಟುತ್ತಿತ್ತು. ಅಪ್ಪ “ಇವ ಉದ್ಧಾರ ಆಗೂದಿಲ್ಲ” ಎನ್ನುವಾಗ ಮಾತ್ರ ಕೊಂಬು ಇರುತ್ತಿರಲಿಲ್ಲ. ಆ ವಿಷಯದಲ್ಲಿ ಅವರಿಗೆ ಪೂರ್ತಿ ಖಾತ್ರಿಯಿದೆ.

ಹೊಸ ಗ್ರಾಫನ್ನು ಫ್ಲೆಕ್ಸ್ ಮಾಡಿಸಲಿಲ್ಲ. ಹಾಳೆಯ ಮೇಲೆ ಪ್ರಿಂಟ್ ತೆಗೆದು ಹಳೆಯದರ ಜಾಗದಲ್ಲಿ ಅಂಟಿಸಿದೆ. ಸೊನ್ನೆಯಿಂದ ಎದ್ದ ನಾಲ್ಕು ಕಂಬಗಳು ಅಣ್ಣತಮ್ಮಂದಿರಂತೆ ನಿಂತಿದ್ದವು. ತಲೆಯ ಮೇಲೆ ಕೊಂಬು, ಮೈತುಂಬ ಚುಕ್ಕಿ. ಈಗ ಮುನಿಸಿನ ಸರದಿ ಅವ್ವನದು.

“ನಿನ್ನೆ ಮುಗಿಲು ಮುಟ್ಟಿದ್ದ ನಮ್ಮ ಊರನ್ನ ಒಂದ ರಾತ್ರಿಯಾಗ ಗಿಡ್ಡ ಮಾಡಿದಿ? ಯಾರು ಕಿವಿ ಊದ್ಯಾರ ನಿನಗ?” ಎಂದು ವೈನಿಯ ಕಡೆ ನೋಡಿದಳು.

“ನಿನ್ನೇದು ಸುಳ್ಳು ಎತ್ತರ ಇತ್ತಬೇ ಅವ್ವಾ.”

ವೈನಿ ಹಾಳೆಯ ಹತ್ತಿರ ಬಂದರು. ಹಾನಗಲ್ಲದ ಕೊಂಬು ಎಲ್ಲಕ್ಕಿಂತ ಉದ್ದವಿತ್ತು. ಮೇಲೆ, ಹತ್ತರ ಗೆರೆಯ ಮೇಲೆ ಒಂದು ಚುಕ್ಕಿ. ಉಳಿದವೆಲ್ಲ ಅದರ ಕೆಳಗೆ ಗುಂಪುಗೂಡಿದ್ದವು. ಅವುಗಳಿಂದ ಬಹಳ ದೂರ, ತಳದಲ್ಲಿ, ಸೊನ್ನೆಯ ಗೆರೆಯ ಮೇಲೆ ಒಂಟಿಯಾಗಿ ಇನ್ನೊಂದು. ಯಾರ ಅಂಕ ಎಷ್ಟು ಎಂದು ಹೇಳಬಾರದೆಂಬ ನಿಯಮ ಇರುವುದರಿಂದ ನಾನು ಬಾಯಿ ಬಿಗಿಹಿಡಿದಿದ್ದೆ. ವೈನಿಯ ಬೆರಳು ಮೇಲಿನ ಚುಕ್ಕಿಯನ್ನು ಮುಟ್ಟಿತು. “ಚಿಗವ್ವ.” ಆಮೇಲೆ ನಿಧಾನವಾಗಿ ಇಳಿದು ತಳಕ್ಕೆ ಬಂತು. “ಅಪ್ಪ! ಮನಿ ಮುಂದ ಕುಂತಂಗ ಇಲ್ಲೂ ಒಬ್ಬರ ಕಟ್ಟಿ ಹಿಡದು ಕುಂತಾರ ನೋಡು!” ಎಂದು ಸೆರಗು ಬಾಯಿಗಿಟ್ಟು ನಗತೊಡಗಿದರು.

ಅಲ್ಲಿಯೇ ನಿಂತು ಫೋಟೋ ತೆಗೆದು ತವರಿಗೆ ಕಳಿಸಿ, ಅಪ್ಪನಿಗೆ ಫೋನೂ ಹಚ್ಚಿದರು. ಊರಿನ ಹೆಸರಿಗೆ ಕುಂದಿಲ್ಲವೆಂದೂ, ಹಾಳೆಯನ್ನು ನಿಶ್ಚಯಕ್ಕೆ ತರುವುದಾಗಿಯೂ ಹೇಳಿ, ತಳದ ಚುಕ್ಕಿ ನೀವೇ ಎಂದರು. ಅತ್ತ ಕಡೆಯಿಂದ ಬಂದ ದನಿ ಪಡಸಾಲೆಗೆಲ್ಲ ಕೇಳಿಸಿತು: “ನಾ ಹೇಳಿದ್ದು ತಪ್ಪೇನು? ಆ ಹುಡುಗ ಅದನ್ನ ಉಂಡು ಹೇಳಿದ್ನೋ, ಉಣಲಾರದ ಹೇಳಿದ್ನೋ, ಮೊದಲು ಅದನ್ನ ಕೇಳು!”

ಎಲ್ಲರೂ ನನ್ನ ಕಡೆ ತಿರುಗಿದರು. ಬಂಕಾಪುರದ ಕೋಟೆಗೆ ನಾನು ರೆಕಾರ್ಡಿಂಗಿನ ದಿನ ಬೆಳಿಗ್ಗೆ ಬರೀ ಚಹಾ ಕುಡಿದು ಹೋಗಿದ್ದೆ. ಮಧ್ಯಾಹ್ನ ದಾಟುವವರೆಗೂ, ನವಿಲುಗಳ ನಡುವೆ ನಿಂತು, ಸಿಟ್ಟಿನಿಂದಲೂ ಸಂತೋಷದಿಂದಲೂ ಊಟದ ಮಾತನ್ನೇ ಆಡುತ್ತಿದ್ದೆ. ಇದನ್ನು ಹೇಳಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ವೈನಿ ಅಡುಗೆಮನೆಗೆ ಹೋಗಿಯಾಗಿತ್ತು. ಅಲ್ಲಿಂದಲೇ ಕೂಗಿದರು.

“ಊಟ ಆತೇನು, ಗುರು?”

ಯಾವ ಭಾವ ಇದು? ಸಿಟ್ಟು ಇಳಿಯಿತೇ, ಸ್ವಲ್ಪ ಉಳಿದಿದೆಯೇ, ಅಥವಾ ಚೇಷ್ಟೆಯೇ? ಪರೀಕ್ಷೆ ತಯಾರಿಸಿದವನಿಗೇ ಉತ್ತರ ಹೊಳೆಯಲಿಲ್ಲ. ಯಾವುದಕ್ಕೂ ಇರಲಿ ಎಂದು, ನನ್ನ ಗಂಟಲಿನಲ್ಲಿರುವ ದನಿಗಳಲ್ಲಿ ಅತ್ಯಂತ ಗಂಭೀರವಾದದ್ದನ್ನು ಆರಿಸಿ, ವಿದ್ವಾಂಸರ ಹಾಗೆ ಕನ್ನಡಕ ಏರಿಸುವ ಅಭಿನಯದೊಂದಿಗೆ, “ಇನ್ನೂ ಆಗಿಲ್ರಿ” ಎಂದೆ.

“ಅತ್ತ್ಯಾರ,” ಎಂದರು ವೈನಿ ಒಳಗಿನಿಂದ, “ನಿಮ್ಮ ಮಗ ಯಾವ ಭಾವದಾಗ ಅಂದ, ಹೇಳ್ರಿ ನೋಡೂಣು. ನಾನೂ ಹೇಳ್ತೇನಿ.”

ಸವಣೂರೂ ಹಾನಗಲ್ಲವೂ ಒಟ್ಟಿಗೇ ಬಾಯಿ ತೆರೆದವು.

“ಹಸಿವು!”

ನನ್ನ ಇಡೀ ಸಂಶೋಧನೆಯಲ್ಲಿ ಕೊಂಬೇ ಇಲ್ಲದ ಕಂಬ ಅದೊಂದೇ. ತಾಟು ತೆಗೆದುಕೊಂಡು ಅದರ ಬುಡದಲ್ಲಿ ಕುಳಿತೆ.