ಪಕ್ಷಾತೀತ ಬಟನ್ನು

ನಾಗಮಂಗಲದ ಪ್ರಮಾಣಪತ್ರ ವಿತರಣಾ ಕೇಂದ್ರದ ಕಂಪ್ಯೂಟರಿನಲ್ಲಿ ‘ಸಲ್ಲಿಸಿ’ ಎಂಬ ಬಟನ್ನಿನ ಮೂಲೆಗಳು ಚೂಪಾಗಿದ್ದು, ಸಾರ್ವಜನಿಕರ ಭಾವನೆಗಳಿಗೆ ಚುಚ್ಚುವ ಸಂಭವವಿದೆಯೆಂದು ಕೇಂದ್ರದ ಅಧಿಕಾರಿ ಜಯರಾಮಯ್ಯನವರು ಸೋಮವಾರ ಬೆಳಿಗ್ಗೆ ಗಮನಿಸಿದರು.

ಅದೇ ಹೊತ್ತಿಗೆ ದೇವಲಾಪುರದ ಬಡಗಿ ಕಾಳಪ್ಪ, ಮಗಳು ಹರ್ಷಿತಳ ಜಾತಿ ಪ್ರಮಾಣಪತ್ರಕ್ಕೆ ಬಂದು ನಿಂತಿದ್ದ. ಪಾಂಡವಪುರದಲ್ಲಿ ಅವಳಿಗೆ ಡಿಪ್ಲೊಮಾ ಸೀಟು ಸಿಕ್ಕಿತ್ತು. ಶುಕ್ರವಾರದೊಳಗೆ ಪತ್ರ ಕೊಡದಿದ್ದರೆ ಅದು ಬೇರೆಯವರ ಪಾಲು. ಆಪರೇಟರ್ ವಿನಯ್ ಎಲ್ಲವನ್ನೂ ಟೈಪು ಮಾಡಿ, ಬಟನ್ನಿನ ಹತ್ತಿರ ಬಂದು ಕೈ ಹಿಂದೆಗೆದುಕೊಂಡ.

“ಮೂಲೆ ದುಂಡಗಾಗೋವರೆಗೂ ಒತ್ತೋ ಹಾಗಿಲ್ಲ.”

“ಅಷ್ಟೇ ತಾನೆ ಸಾ? ಉಜ್ಜುಗೊರಡು ತತ್ತೀನಿ, ಎಲ್ಡು ನಿಮಿಷದ ಕೆಲ್ಸ,” ಎಂದ ಕಾಳಪ್ಪ.

“ಟೆಂಡರ್ ಕರೆಯದೆ ಸಾಧ್ಯವಿಲ್ಲ,” ಎಂದರು ಜಯರಾಮಯ್ಯ.

ಮಂಗಳವಾರ ಮೂಲೆ ದುಂಡಗಾಯಿತು. ಬಣ್ಣದ ಪ್ರಶ್ನೆ ಎದ್ದಿತು. ಪರದೆ ಸೌಂದರ್ಯ ಉಪಸಮಿತಿ ಸೇರಿತು. ಹಸಿರು ಒಂದು ಪಕ್ಷದ್ದು, ಕೇಸರಿ ಇನ್ನೊಂದರದು, ನೀಲಿ ಮತ್ತೊಂದರದು. ಹಳದಿಯನ್ನು ಸದಸ್ಯರೊಬ್ಬರ ಪತ್ನಿ ಒಪ್ಪಲಿಲ್ಲ. ಉಳಿದದ್ದು ಬಿಳಿ. ಬಿಳಿ ಪರದೆಯ ಮೇಲೆ ಬಿಳಿ ಬಟನ್ನು, ಅದರೊಳಗೆ ಬಿಳಿ ಅಕ್ಷರ. ಬುಧವಾರ ಗೋಡೆಗೆ ಪ್ರಕಟಣೆ ಬಿತ್ತು:

‘ಬಟನ್ನು ಇದ್ದಲ್ಲಿಯೇ ಇರುತ್ತದೆ. ಕಾಣುತ್ತಿಲ್ಲವೆಂದು ದೂರುವವರು ತಾವು ಯಾವ ಪಕ್ಷದವರೆಂದು ಲಿಖಿತವಾಗಿ ತಿಳಿಸತಕ್ಕದ್ದು.’

ಗುರುವಾರ ಸಂಜೆಯವರೆಗೂ ವಿನಯ್ ಪರದೆಯ ತುಂಬ ಒತ್ತಿ ಸೋತ. ಕಾಳಪ್ಪನಿಗೆ ತಡೆಯಲಾಗಲಿಲ್ಲ. ಕಿವಿಯ ಹಿಂದಿನ ಪೆನ್ಸಿಲು ತೆಗೆದು, ಸೋಮವಾರ ಕಂಡದ್ದನ್ನು ನೆನೆದು, ಪರದೆಯ ಬಲಗಡೆಯಿಂದ ನಾಲ್ಕು ಬೆರಳು, ಕೆಳಗಿನಿಂದ ಮೂರು ಅಳೆದು ಗುರುತು ಹಾಕಿದ.

“ಇಲ್ಲಿ ಒತ್ತಿ ಸಾ.”

ಪ್ರಿಂಟರ್ ಗುರುಗುಟ್ಟಿ ಒಂದು ಹಾಳೆ ಉಗುಳಿತು. ಅಪ್ಪಟ ಬಿಳಿ.

“ಏಕರೂಪತೆಯ ದೃಷ್ಟಿಯಿಂದ ಪತ್ರದ ಅಕ್ಷರಗಳಿಗೂ ಅದೇ ಬಣ್ಣ,” ಎಂದರು ಜಯರಾಮಯ್ಯ.

ಕಾಳಪ್ಪ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಏನೂ ಬರ್ದೇ ಇಲ್ವಲ್ಲಾ ಸಾ! ನನ್ ಮಗಳ ಸೀಟು ಓಯ್ತದೆ.”

“ಬರೆದಿದೆ. ಕಾಣುವುದಿಲ್ಲ. ಎರಡೂ ಬೇರೆ ಬೇರೆ ವಿಷಯ.”

ಶುಕ್ರವಾರ ಕಾಲೇಜಿನ ಗುಮಾಸ್ತೆ ಇಂದಿರಮ್ಮ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು. ಹರ್ಷಿತ ಅಪ್ಪನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಹೆಸರಿನ ಕಾಗುಣಿತ ಸರಿಯಾಗಿದೆ,” ಎಂದರು ಇಂದಿರಮ್ಮ. “ಎರಡು ಜೆರಾಕ್ಸ್ ತನ್ನಿ. ಸೀಟು ನಿಮ್ಮದೇ.”

ಜೆರಾಕ್ಸ್ ಅಂಗಡಿಯಲ್ಲಿ ಆಗಲೇ ಏಳು ಜನ ಬಿಳಿ ಹಾಳೆ ಹಿಡಿದು ಸಾಲಿನಲ್ಲಿದ್ದರು. ಕಾಳಪ್ಪನ ಸರದಿ ಬಂದಾಗ ಅಂಗಡಿಯ ದಿಲೀಪ ಎರಡು ಪ್ರತಿ ತೆಗೆದು, ಎರಡನೆಯದನ್ನು ಕಣ್ಣು ಕಿರಿದು ಮಾಡಿ ನೋಡಿ, ಮುದುರಿ ಎಸೆದ.

“ಇದು ಸರ್ಯಾಗಿ ಬಂದಿಲ್ಲ ಕಣಣ್ಣ.”

ಇನ್ನೊಂದು ತೆಗೆದುಕೊಟ್ಟ. ಕಾಳಪ್ಪ ಅದನ್ನು ಮಗಳಿಗೂ ತೋರಿಸಿ ತಲೆಯಾಡಿಸಿದ.

“ಊಂ ಕಣಪ್ಪ. ಈಗ ಚೆಂದಾಗದೆ.”