ಇಂಥಾಪುರಕ್ಕೆ ಬಂದ ನೀರು

ಬಹಳ ಹಿಂದೆ, ಎಂದರೆ ನಿಮ್ಮ ಮೊಬೈಲು ಕಳೆದ ಸಲ ಅಪ್‌ಡೇಟ್ ಕೇಳುವುದಕ್ಕೂ ಮುಂಚೆ, ಸುಭಿಕ್ಷಾವತಿ ಎಂಬ ರಾಜ್ಯವಿತ್ತು. ಶ್ರೀಮನ್ಮಹಾರಾಜ ಸುಪ್ರಸನ್ನಭೂಪರು ಅದನ್ನು ಆಳುತ್ತಿದ್ದರು. ಅಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕೆ ಏನೂ ಕೊರತೆಯಿರಲಿಲ್ಲ. ಮಹಾರಾಜರ ಫೋಟೋವನ್ನು ಎಡಗಡೆ ಹಾಕಬೇಕೋ ಬಲಗಡೆ ಹಾಕಬೇಕೋ ಎಂಬುದನ್ನು ಸಂಪಾದಕರೇ ತೀರ್ಮಾನಿಸುತ್ತಿದ್ದರು. ಉಳಿದದ್ದೆಲ್ಲ ಅರಮನೆಯಿಂದ ಬರುತ್ತಿತ್ತು. ಕೆರೆಗಳು ತುಂಬಿವೆ, ಪ್ರಜೆಗಳು ನಲಿದಿದ್ದಾರೆ, ಪ್ರಭುಗಳು ಮುಗುಳ್ನಕ್ಕಿದ್ದಾರೆ. ದಿನಾ ಇದೇ ಸುದ್ದಿ. ಅಂಥ ಪತ್ರಿಕೆಯನ್ನು ಯಾರು ಓದುತ್ತಿದ್ದರು ಎಂದು ಕೇಳಬೇಡಿ, ನೀವೂ ಈಗ ಒಂದನ್ನು ಹಿಡಿದುಕೊಂಡೇ ಕೂತಿದ್ದೀರಿ.

ರಾಜಧಾನಿಯ ಮಹಾವಿದ್ಯಾಲಯದಲ್ಲಿ ಸಂವಹನ, ಮಾಧ್ಯಮ ಮತ್ತು ಪತ್ರಿಕೋದ್ಯಮ ಎಂಬ ಉದ್ದ ಹೆಸರಿನ ಒಂದು ವಿಭಾಗವಿತ್ತು. ಕಲ್ತೂಬು ಎಂಬ ಊರಿನಿಂದ ಗುಲಾಬಿ ಎಂಬ ಹುಡುಗಿ ಅಲ್ಲಿಗೆ ಓದಲು ಬಂದಿದ್ದಳು. ಅವಳ ಅಪ್ಪ ನಂಜಪ್ಪ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವನು. ಮಗಳು ಪೇಪರಿನಲ್ಲಿ ಹೆಸರು ಹಾಕಿಸಿಕೊಳ್ಳುವುದನ್ನು ಕಣ್ಣಾರೆ ನೋಡಬೇಕು ಎಂಬುದು ಅವನ ಆಸೆ.

ವಿಭಾಗದ ಮುಖ್ಯಸ್ಥರು ದಕ್ಷಿಣಾಮೂರ್ತಿ ಮೇಷ್ಟ್ರು. ಮೊದಲ ದಿನವೇ ಅವರು ಹೇಳಿದರು: "ಸುದ್ದಿ ಬರೆಯೋನು ಐದು ಪ್ರಶ್ನೆ ಕೇಳ್ಬೇಕು. ಯಾರು, ಏನು, ಎಲ್ಲಿ, ಯಾವಾಗ, ಹೇಗೆ. ಮುಂಚೆ ಯಾಕೆ ಅಂತ ಇನ್ನೊಂದಿತ್ತು. ಹೋದ ವರ್ಷ ಸಿಲೆಬಸ್ಸಿಂದ ತೆಗೆದ್ರು."

"ಯಾಕೆ ಸಾರ್?" ಎಂದಳು ಗುಲಾಬಿ.

"ಅದೇ ನೋಡಮ್ಮ, ಅದನ್ನೇ ತೆಗೆದಿರೋದು."

ಮೇಷ್ಟ್ರಿಗೆ ನಿಜವಾದ ತಲೆನೋವು ಬೇರೆಯೇ ಇತ್ತು. ಅಪಘಾತದ ವರದಿ ಬರೆಯುವುದನ್ನು ಕಲಿಸಬೇಕಾದರೆ ಒಂದು ಅಪಘಾತ ಬೇಡವೇ? ಆ ರಾಜ್ಯದಲ್ಲಿ ಅಪಘಾತಗಳು ಆಗುತ್ತಿದ್ದವು, ಆದರೆ ಆಗಿವೆ ಎನ್ನುವ ಹಾಗಿರಲಿಲ್ಲ. ಹಾಗಾಗಿ ಮೇಷ್ಟ್ರು ಭೂಪಟದಲ್ಲೇ ಇಲ್ಲದ ಒಂದು ಊರನ್ನು ಹುಟ್ಟಿಸಿ, ಇಂಥಾಪುರ ಎಂದು ಹೆಸರಿಟ್ಟರು. ಪಾಪ, ಆ ಊರು! ವಾರಕ್ಕೊಮ್ಮೆ ಅಲ್ಲಿ ಬಸ್ಸು ಪಲ್ಟಿ ಹೊಡೆಯುತ್ತಿತ್ತು, ಅಂಗಡಿಸಾಲಿಗೆ ಬೆಂಕಿ ಬೀಳುತ್ತಿತ್ತು, ಶಾಲೆಯ ಬಿಸಿಯೂಟದಲ್ಲಿ ಹಲ್ಲಿ ಸಿಗುತ್ತಿತ್ತು. ವಿದ್ಯಾರ್ಥಿಗಳು ಇದನ್ನೆಲ್ಲ ರಸವತ್ತಾಗಿ ಬರೆದು 'ಅಭ್ಯಾಸವಾಣಿ' ಎಂಬ ತಮ್ಮ ಪ್ರಾಯೋಗಿಕ ಪತ್ರಿಕೆಯಲ್ಲಿ ಅಚ್ಚು ಹಾಕಿ ಗೋಡೆಗೆ ಅಂಟಿಸುತ್ತಿದ್ದರು.

ಒಂದು ದಿನ ಮಹಾರಾಜರು ವಿಭಾಗದ ಹೊಸ ಸ್ಟುಡಿಯೋ ಉದ್ಘಾಟನೆಗೆ ಬಿಜಯಂಗೈದರು. ಜೊತೆಗೆ ಮಹಾಮಂತ್ರಿ ಸಮಯಸಿಂಧು. ರಿಬ್ಬನ್ ಕತ್ತರಿಸಲು ಕತ್ತರಿ ಸಿಗದೆ ಎಲ್ಲರೂ ಹುಡುಕಾಡುತ್ತಿದ್ದಾಗ ಪ್ರಭುಗಳ ಕಣ್ಣು ಗೋಡೆಯ ಮೇಲೆ ಬಿತ್ತು. ಓದತೊಡಗಿದರು. ಕತ್ತರಿ ಸಿಕ್ಕಿತು, ಅವರು ತಿರುಗಲಿಲ್ಲ. ನಾದಸ್ವರದವರು ಊದಿ ಊದಿ ಸುಸ್ತಾದರು, ಅವರು ತಿರುಗಲಿಲ್ಲ. ಬೆಳಗೆದ್ದರೆ ತಮ್ಮದೇ ಮುಗುಳ್ನಗೆಯ ಸುದ್ದಿ ಓದಿ ಓದಿ ಬೇಸತ್ತಿದ್ದ ಮಹಾರಾಜರಿಗೆ, ಎಲ್ಲೋ ಏನೋ ಆಗಿದೆ ಎಂಬ ಬರಹ ಅಂದೇ ಮೊದಲು ಕಂಡದ್ದು.

"ಅಯ್ಯೋ, ಬಸ್ಸಿನಲ್ಲಿ ಬಸುರಿಯೊಬ್ಬಳಿದ್ದಳಂತೆ!" ಎಂದು ಪ್ರಭುಗಳು ಕಣ್ಣೊರೆಸಿಕೊಂಡರು. "ಮಹಾಮಂತ್ರಿಗಳೇ, ಈ ಇಂಥಾಪುರವು ನಮ್ಮ ರಾಜ್ಯದಲ್ಲಿಯೇ ಇರುವುದೇ?"

ಮೇಷ್ಟ್ರು ಬಾಯಿ ತೆರೆದರು. ಮಹಾಮಂತ್ರಿ ಅವರ ಕಾಲು ತುಳಿದ. "ಇರದೇ ಎಲ್ಲಿಗೆ ಹೋದೀತು, ಪ್ರಭು? ಸೂರ್ಯ ಹುಟ್ಟುವ ದಿಕ್ಕೆಲ್ಲ ತಮ್ಮದೇ. ಅದು ಸ್ವಲ್ಪ ಆ ಕಡೆಗೆ ಬರುತ್ತದೆ."

ಅಂದಿನಿಂದ ಅಭ್ಯಾಸವಾಣಿ ಅರಮನೆಯ ಕಾಫಿಯ ಜೊತೆಗೇ ಹೋಗತೊಡಗಿತು. ಇಂಥಾಪುರದ ಅಂಗಡಿಸಾಲು ಪುನರ್ನಿರ್ಮಾಣವಾಯಿತು, ಬಸ್ಸಿಗೆ ಹೊಸ ಚಾಲಕ ನೇಮಕವಾದ, ಬಸುರಿಗೆ ಬಾಣಂತನದ ಕಿಟ್ ಮಂಜೂರಾಯಿತು. ಕಾಮಗಾರಿ ತೃಪ್ತಿಕರವೆಂದು ಮಹಾಮಂತ್ರಿಯ ಭಾವಮೈದುನನೇ ಸರ್ಟಿಫಿಕೇಟು ಕೊಟ್ಟ. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಗುಲಾಬಿಯೂ ನಕ್ಕಳು.

ಅವಳ ನಗು ನಿಂತದ್ದು ಅವ್ವನ ಫೋನು ಬಂದಾಗ. ಕಲ್ತೂಬಿನ ನಲ್ಲಿಯಲ್ಲಿ ಚರಂಡಿ ನೀರು ಬರುತ್ತಿತ್ತು. "ಕೇರಿಯಲ್ಲಿ ಎಲ್ರಿಗೂ ವಾಂತಿ ಭೇದಿ ಕಣೇ. ನಿಮ್ಮಪ್ಪ ಹಾಸಿಗೆ ಹಿಡಿದವ್ರೆ. ನೀನು ಪೇಪರಿನೋಳಾಗ್ತಾ ಇದೀಯಲ್ಲ, ಏನಾದ್ರೂ ಮಾಡವ್ವ" ಎಂದು ಅವ್ವ ಅತ್ತಳು. ಗುಲಾಬಿ ಓಡಿದ್ದು 'ರಾಜಕಿರಣ' ಪತ್ರಿಕೆಯ ಕಚೇರಿಗೆ.

ಸಂಪಾದಕರು ಸೌಜನ್ಯವಂತರು, ಕುರ್ಚಿ ತೋರಿಸಿದರು. "ಕಲ್ತೂಬಿನ ನೀರು ಎಳನೀರಿನ ಹಾಗಿದೆ ಅಂತ ನಾವೇ ಮೊನ್ನೆ ಹಾಕಿದೀವಲ್ಲಮ್ಮ."

"ಕುಡಿದು ನೋಡಿದ್ರಾ ಸಾರ್?"

"ನಾವು ಬರೆಯೋರು. ಕುಡಿಯೋದು ನಮ್ಮ ಬೀಟ್ ಅಲ್ಲ."

ವಾಪಸು ಬರುವಾಗ ಗುಲಾಬಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಆ ಸಿಟ್ಟಿನಲ್ಲೇ ಒಂದು ಯೋಚನೆಯೂ ಹೊಳೆಯಿತು. ಪ್ರಭುಗಳು ಓದುವುದು ಇಂಥಾಪುರದ ಸುದ್ದಿಯನ್ನು ತಾನೇ? ಅವಳು ಕೂತು ಬರೆದಳು. ನೀರಿನ ಬಣ್ಣ, ಅದರ ನಾತ, ಒಡೆದ ಪೈಪು, ಕ್ಲಾರಿನೆಟ್ ಎತ್ತಲಾರದೆ ಮಲಗಿದ ಅಪ್ಪ. ಒಂದಕ್ಷರವೂ ಸುಳ್ಳಲ್ಲ, ಊರಿನ ಹೆಸರೊಂದನ್ನು ಬಿಟ್ಟು. ಮೊದಲು ಸಹಾಯ ಮಂಜೂರಾಗಲಿ, ಆಮೇಲೆ ನಿಜವಾದ ಊರು ಯಾವುದೆಂದು ಹೇಳಿದರಾಯಿತು ಎಂದುಕೊಂಡಳು. ಬುದ್ಧಿವಂತರು ಮಾಡುವ ತಪ್ಪುಗಳೆಲ್ಲ ಹೀಗೇ ಬಹಳ ಅಚ್ಚುಕಟ್ಟಾಗಿರುತ್ತವೆ.

ಅದನ್ನು ಓದಿ ಮಹಾರಾಜರು ಕಾಫಿ ಬಿಟ್ಟರು. ತಕ್ಷಣ ನಿರೂಪ ಹೊರಟಿತು: ಇಂಥಾಪುರಕ್ಕೆ ಹೊಸ ಪೈಪು, ನೀರಿನ ಟ್ಯಾಂಕರು, ವೈದ್ಯರ ತಂಡ. ಖರ್ಚಿಗೆ ಸಮಸ್ತ ಪ್ರಜೆಗಳ ಮೇಲೆ ಇಂಥಾಪುರ ಮೇಲ್ತೆರಿಗೆ. ಪೈಪಿನ ಕೆಲಸ ಕಾಗದದ ಮೇಲೆ ಭರದಿಂದ ಸಾಗಿತು. ಟ್ಯಾಂಕರು, ವೈದ್ಯರು ಮಾತ್ರ ನಿಜವಾಗಿಯೂ ಬೇಕಾದ್ದರಿಂದ, ನೀರು ಚೆನ್ನಾಗಿರುವ ಯಾವುದಾದರೂ ಊರಿನಿಂದ ಎರವಲು ಪಡೆಯಲು ಮಹಾಮಂತ್ರಿ ಕಡತ ತೆಗೆಸಿದ. ರಾಜಕಿರಣದ ಪ್ರಕಾರ ಕಲ್ತೂಬಿನ ನೀರು ಎಳನೀರಿನ ಹಾಗಿತ್ತು. ಅಲ್ಲಿದ್ದ ಒಬ್ಬನೇ ಡಾಕ್ಟರು, ಒಂದೇ ಟ್ಯಾಂಕರು ಇಂಥಾಪುರಕ್ಕೆ ವರ್ಗವಾದವು.

ಶ್ರೇಷ್ಠ ವರದಿಗೆಂದು ಗುಲಾಬಿಗೆ ಆಸ್ಥಾನದಲ್ಲಿ ಪದಕ ಪ್ರದಾನವಿತ್ತು. ಪದಕ ಕೊರಳಿಗೆ ಬೀಳುವ ಮೊದಲೇ ಅವಳು ಹೇಳಿಬಿಟ್ಟಳು: "ಪ್ರಭು, ಇಂಥಾಪುರ ಅಂತ ಊರೇ ಇಲ್ಲ. ನಾನು ಬರೆದಿದ್ದು ನಮ್ಮೂರು ಕಲ್ತೂಬಿನ ವಿಷಯ. ನಮ್ಮಪ್ಪ ಅಲ್ಲಿ ಸಾಯೋ ಹಾಗಿದಾರೆ. ಇದ್ದೊಬ್ಬ ಡಾಕ್ಟರನ್ನೂ ತಾವು ಕರೆಸಿಕೊಂಡ್ರಿ."

"ಇಂಥಾಪುರವಿಲ್ಲವೇ?" ಎಂದರು ಪ್ರಭುಗಳು. "ಆ ಜನಕ್ಕಾಗಿ ನಾವು ಅತ್ತದ್ದು ಸುಳ್ಳೇ?"

"ಎಲ್ಲಾದರೂ ಉಂಟೇ! ತಾವು ಅತ್ತ ವಿಡಿಯೋ ಇದೆ. ಲಕ್ಷಾಂತರ ಜನ ನೋಡಿದ್ದಾರೆ" ಎಂದ ಮಹಾಮಂತ್ರಿ. ಆಮೇಲೆ ಮೇಷ್ಟ್ರ ಕಡೆ ತಿರುಗಿದ. "ವಿಶ್ವವಿದ್ಯಾಲಯಕ್ಕೆ ಕುಲಪತಿಗಳು ಬೇಕಾಗಿದ್ದಾರೆ. ಅದಿರಲಿ, ಮೇಷ್ಟ್ರೇ, ಆ ಊರನ್ನು ಬಲ್ಲವರು ನೀವು. ಇದೆಯೋ ಇಲ್ಲವೋ?"

ದಕ್ಷಿಣಾಮೂರ್ತಿಯವರು ಗುಲಾಬಿಯ ಮುಖ ನೋಡಿದರು. ಅವರಿಗೆ ಅವಳೆಂದರೆ ಪ್ರೀತಿಯೇ. ಆದರೆ ಕುಲಪತಿಗಳ ಕಾರಿಗೆ ಕೆಂಪು ದೀಪವಿತ್ತು.

"ಇದೆ ಪ್ರಭು," ಎಂದರು. "ನಾನು ಹುಟ್ಟಿದ್ದೇ ಅಲ್ಲಿ."

"ಸಾರ್!" ಎಂದು ಕೂಗಿದಳು ಗುಲಾಬಿ.

"ಸುದ್ದಿಮೂಲ ಬಹಿರಂಗ ಮಾಡಬಾರದು ಅಂತ ಪಾಠ ಮಾಡಿಲ್ವೇನಮ್ಮ?" ಎಂದು ಮೇಷ್ಟ್ರು ತಲೆ ತಗ್ಗಿಸಿ ಗೊಣಗಿದರು. ಸುಳ್ಳು ಸುದ್ದಿ ಹಬ್ಬಿಸಿದ ತಪ್ಪಿಗೆ ಗುಲಾಬಿಯನ್ನು ಕಾಲೇಜಿನಿಂದ ತೆಗೆದುಹಾಕಿದರು.

ಅವಳು ಊರಿನ ಬಸ್ಸು ಹತ್ತಿದಳು. ದಾರಿಯಲ್ಲಿ ಟೀ ಕುಡಿಯಲು ಬಸ್ಸು ನಿಂತಿತು. ಅಲ್ಲೇ ಅವರೂರಿನ ಟ್ಯಾಂಕರು ರಾಜಧಾನಿಯ ಒಳ್ಳೆಯ ನೀರು ತುಂಬಿಕೊಂಡು ನಿಂತಿತ್ತು, ಪಕ್ಕದ ಬೆಂಚಿನಲ್ಲಿ ಡಾಕ್ಟರು ತೂಕಡಿಸುತ್ತಿದ್ದರು. ಡ್ರೈವರ್ ಮಸ್ತಾನ್ ಅವಳನ್ನು ಕಂಡು ಅಳುವುದೊಂದು ಬಾಕಿ. "ಇಂಥಾಪುರ ಎಲ್ಲೈತೆ ಗೊತ್ತಾ ಗುಲಾಬಮ್ಮ? ಸುತ್ತಿ ಸುತ್ತಿ ಟೈರೆಲ್ಲ ಸವೆದೋಯ್ತು. ಬೇರೆ ಊರಿಗೆ ಒಂದು ತೊಟ್ಟು ಬಿಟ್ರೂ ಜೈಲು ಅಂದವ್ರೆ."

ಗುಲಾಬಿ ಅವನನ್ನೇ ನೋಡಿದಳು. "ಬೋರ್ಡ್ ಇದ್ದರೆ ಸಾಕಾ ಮಸ್ತಾನಣ್ಣ?"

"ಬೋರ್ಡಿನ ಜೊತೆ ಒಂದು ಫೋಟೋ ಹೊಡ್ಕೊಂಡು ಕಳಿಸಿದ್ರೆ ಆಯ್ತು. ಇನ್ನೇನು ಕೇಳಕಿಲ್ಲ ಅವ್ರು."

"ಹಾಗಾದ್ರೆ ಇನ್ನೊಂದು ಟೀ ಕುಡಿದು ನಿಧಾನಕ್ಕೆ ಬಾ. ಮುಂದಿನ ಊರೇ ಇಂಥಾಪುರ."

ಊರಿಗೆ ಬಂದವಳೇ ಬಣ್ಣದ ಡಬ್ಬಿ ತಂದು ಬಸ್‌ಸ್ಟಾಂಡಿನ ಫಲಕದ ಮೇಲಿದ್ದ ಕಲ್ತೂಬನ್ನು ಅಳಿಸಿ ಇಂಥಾಪುರ ಎಂದು ಬರೆದಳು. ಕಟ್ಟೆಯ ಮೇಲೆ ಹೊಟ್ಟೆ ಹಿಡಿದು ಕೂತಿದ್ದ ದೊಡ್ಡಪ್ಪ ರೇಗಿದ. "ಊರಿನ ಹೆಸರನ್ನೇ ತೆಗೆದುಬಿಟ್ಟೆಯಲ್ಲೇ, ಮೂದೇವಿ!"

"ಹೆಸರನ್ನ ಕುಡಿಯೋಕಾಗ್ತದಾ ದೊಡ್ಡಪ್ಪ?" ಎಂದಳು. ಟ್ಯಾಂಕರಿನ ಹಾರ್ನು ಕೇಳಿದ ಮೇಲೆ ದೊಡ್ಡಪ್ಪನೇ ಮೊದಲು ಕೊಡ ಹಿಡಿದು ಓಡಿದ.

ನೀರು ಬಂತು, ಔಷಧಿ ಬಂತು. ನಂಜಪ್ಪ ಎದ್ದು ಕೂತು ಗಂಜಿ ಕುಡಿದ, ಮಗಳ ತಲೆ ಸವರಿದ. "ಪೇಪರಲ್ಲಿ ಹೆಸರು ಬರದಿದ್ರೆ ಹೋಗ್ಲಿ ಬಿಡು ಮಗಾ, ಬೋರ್ಡಲ್ಲಿ ನಿನ್ನ ಕೈಬರಹ ಐತಲ್ಲ" ಎಂದು ನಗಿಸಿದ. ಅಷ್ಟು ದಿನ ತಡೆದಿಟ್ಟುಕೊಂಡಿದ್ದ ಗುಲಾಬಿ ಅವನ ಮುಂದೆ ಮನಸಾರೆ ಅತ್ತಳು. ಊರಿನವರು ಅವಳನ್ನು ಹೊತ್ತು ಕುಣಿಯುವುದೊಂದು ಬಾಕಿ.

ಇಲ್ಲಿಗೇ ನಿಲ್ಲಿಸಿಬಿಡೋಣ ಎಂದು ನನಗೂ ಆಸೆ. ಆದರೆ ಕಾಲೇಜಿನಲ್ಲಿ ವಾರ್ಷಿಕ ಪರೀಕ್ಷೆ ಬಂತು. ಕುಲಪತಿಗಳಾದ ದಕ್ಷಿಣಾಮೂರ್ತಿಯವರು ಹಳೆಯ ಅಭ್ಯಾಸದಂತೆ ಪ್ರಶ್ನೆ ಕೊಟ್ಟರು: ಇಂಥಾಪುರದ ಜನ ದಂಗೆಯೆದ್ದು ಅರಮನೆಯ ಉಗ್ರಾಣವನ್ನು ಲೂಟಿ ಮಾಡಿದ್ದಾರೆ, ಪೊಲೀಸರು ಲಾಠಿ ಬೀಸಿದ್ದಾರೆ, ಇನ್ನೂರು ಪದಗಳಲ್ಲಿ ವರದಿ ಬರೆಯಿರಿ. ಹುಡುಗರು ಚೆನ್ನಾಗಿಯೇ ಬರೆದರು. ಉತ್ತಮ ಉತ್ತರವನ್ನು ಅಭ್ಯಾಸವಾಣಿ ಅಚ್ಚು ಹಾಕಿತು. ಅರಮನೆಯಲ್ಲಿ ಕಾಫಿ ಲೋಟ ಗೋಡೆಗೆ ಬಡಿಯಿತು.

"ನಾವು ನೀರು ಕೊಟ್ಟ ಊರು! ಕೃತಘ್ನರು!" ಎಂದು ಗುಡುಗಿದರು ಪ್ರಭುಗಳು. ದಂಡು ಹೊರಟಿತು. ಮೊದಲಾಗಿದ್ದರೆ ಅದೂ ಟ್ಯಾಂಕರಿನಂತೆ ಅಲೆದು ಸುಸ್ತಾಗಿ ಮರಳುತ್ತಿತ್ತು. ಈಗ ದಪ್ಪ ಅಕ್ಷರದ ಫಲಕವಿತ್ತು.

ದಂಡು ಊರಿಗೆ ನುಗ್ಗಿದಾಗ ಅಲ್ಲೊಂದು ಮದುವೆ ನಡೆಯುತ್ತಿತ್ತು, ನಂಜಪ್ಪ ಕ್ಲಾರಿನೆಟ್ ನುಡಿಸುತ್ತಿದ್ದ. ಚಪ್ಪರದ ಜನವೇ ದಂಗೆಕೋರರ ಗುಂಪಾಯಿತು. ಗುಲಾಬಿ ದಂಡಿನ ಮುಖ್ಯಸ್ಥನ ಕುದುರೆಗೆ ಅಡ್ಡ ನಿಂತಳು. "ಸ್ವಾಮಿ, ಇದು ಪರೀಕ್ಷೆಯ ಪ್ರಶ್ನೆ. ಇಲ್ಲಿ ಉಗ್ರಾಣ ಎಲ್ಲಿದೆ, ತೋರಿಸಿ!"

"ಲೂಟಿ ಆದ್ಮೇಲೆ ಎಲ್ಲಿರ್ತದಮ್ಮ?" ಎಂದ ಅವನು, ಬಹಳ ತಾಳ್ಮೆಯಿಂದ.

"ಹಾಗಾದ್ರೆ ಇದು ಇಂಥಾಪುರವೇ ಅಲ್ಲ. ಕಲ್ತೂಬು! ಬೋರ್ಡು ಬರೆದಿದ್ದು ನಾನು. ಈಗಲೇ ಅಳಿಸ್ತೀನಿ."

"ಅಪ್ಪಣೆಯಿಲ್ಲದೆ ಊರಿನ ಹೆಸರು ಬದಲಾಯಿಸಿದ್ರೆ ರಾಜದ್ರೋಹ" ಎಂದು ಅವನು ಲಾಠಿ ಎತ್ತಿದ. ಮಗಳ ತಲೆಗೆ ಬೀಳುತ್ತಿದ್ದ ಏಟಿಗೆ ನಂಜಪ್ಪ ಎರಡೂ ಕೈ ಅಡ್ಡ ಹಿಡಿದ. ಬೆರಳುಗಳು ಮುರಿದವು. ಡಾಕ್ಟರು ಕಟ್ಟು ಹಾಕಿದರು, ಇನ್ನು ಕ್ಲಾರಿನೆಟ್ಟಿನ ಆಸೆ ಬಿಡಿ ಎಂದರು.

ಅತ್ತ ರಾಜಧಾನಿಯಲ್ಲಿ ಸಂಭ್ರಮವೋ ಸಂಭ್ರಮ. ಲಾಠಿಪ್ರಹಾರವನ್ನು ಅದು ನಡೆಯುವ ಮೊದಲೇ ಅಷ್ಟು ಕರಾರುವಾಕ್ಕಾಗಿ ವರದಿ ಮಾಡಿದ ಹುಡುಗರಿಗೆ ನೂರಕ್ಕೆ ನೂರು ಅಂಕ ಬಂತು. ಅವರನ್ನೆಲ್ಲ ರಾಜಕಿರಣ ಕೆಲಸಕ್ಕೆ ತೆಗೆದುಕೊಂಡಿತು. ಪ್ರಶ್ನೆ ಕೊಟ್ಟ ದಕ್ಷಿಣಾಮೂರ್ತಿಯವರನ್ನು ಮಹಾರಾಜರು ಆನೆಯ ಮೇಲೆ ಕೂರಿಸಿ 'ಸತ್ಯಚೂಡಾಮಣಿ' ಎಂಬ ಬಿರುದು ಕೊಟ್ಟರು. ಲೂಟಿಯಾದ ಉಗ್ರಾಣದ ಬೆಲೆಯನ್ನು ಇಂಥಾಪುರದ ಜನರಿಂದಲೇ ವಸೂಲಿ ಮಾಡತಕ್ಕದ್ದೆಂದು ಅಪ್ಪಣೆಯಾಯಿತು.

ಆ ಊರಿಗೆ ಈಗಲೂ ರಾಜಧಾನಿಯಿಂದ ಟ್ಯಾಂಕರು ಬರುತ್ತದೆ, ನೀರು ಚೆನ್ನಾಗಿದೆ. ಕೊಡ ಹಿಡಿದ ಹೆಂಗಸರು ಮಾತ್ರ ಮಸ್ತಾನನನ್ನು ಕೇಳದೆ ಮಕ್ಕಳನ್ನು ಬೀದಿಗೆ ಬಿಡುವುದಿಲ್ಲ: "ಕಾಲೇಜಲ್ಲಿ ಇವತ್ತು ಏನು ಪ್ರಶ್ನೆ ಕೊಟ್ಟವ್ರಂತೆ ಮಸ್ತಾನಣ್ಣ?"